ಜೀರುಂಡೆಯ ಬುದ್ಧಿ ಎಲ್ಲಿದೆ?

ರಾತ್ರಿ ಹನ್ನೊಂದಾಗಿದೆ. ದೀಪ ಆರಿಸಿ ಮಲಗಿದ್ದೀರಿ. ಆಗ ಬಚ್ಚಲುಮನೆ ಕಡೆಯಿಂದ ಶುರುವಾಗುತ್ತದೆ, ಕ್ರೀ… ಕ್ರೀ… ಕ್ರೀ… ಎದ್ದು ಹೋಗಿ ದೀಪ ಹಾಕಿದರೆ ಸದ್ದಿಲ್ಲ. ಬಕೆಟ್ ಸರಿಸಿದರೂ ಇಲ್ಲ, ಮೋರಿ ಬಾಯಿಗೆ ಬಗ್ಗಿ ನೋಡಿದರೂ ಇಲ್ಲ. ವಾಪಸ್ ಬಂದು ಹೊದ್ದುಕೊಂಡ ಕೂಡಲೇ ಮತ್ತೆ ಕ್ರೀ ಕ್ರೀ. ಈ ಸಲ ಅಡುಗೆಮನೆಯಿಂದ ಬಂದ ಹಾಗಿದೆ. ಒಂದು ರಾತ್ರಿ ನಾನು ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ಹುಡುಕಿದ್ದೇನೆ. ಸಿಗಲಿಲ್ಲ. ಕೊನೆಗೆ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದೆ.

ನನ್ನ ಎರಡು ಕಿವಿಗಳ ನಡುವೆ ಹತ್ತಿರ ಹತ್ತಿರ ಒಂದು ಗೇಣು ಅಂತರವಿದೆ. ಮಧ್ಯದಲ್ಲಿ ಒಂದೂಕಾಲು ಕಿಲೋಗೂ ಜಾಸ್ತಿ ತೂಗುವ ಮಿದುಳು. ಇಷ್ಟಿದ್ದೂ ಸದ್ದು ಯಾವ ಮೂಲೆಯದು ಅಂತ ಗೊತ್ತಾಗಲಿಲ್ಲ. ಅದೇ ಸದ್ದನ್ನು ಕೇಳಿದ ಹೆಣ್ಣು ಜೀರುಂಡೆ ಕತ್ತಲಲ್ಲಿ, ಹುಲ್ಲಿನ ಸಂದಿಯಲ್ಲಿ ಸೀದಾ ಗಂಡಿನ ಹತ್ತಿರ ನಡೆದು ಹೋಗುತ್ತದೆ. ಅದರ ಮಿದುಳು ಒಂದು ಅಕ್ಕಿ ನುಚ್ಚಿನಷ್ಟು. ಹಾಗಾದರೆ ಅದರ ಬುದ್ಧಿ ಇರುವುದೆಲ್ಲಿ?

ಹೆಸರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಜೀರ್ ಎನ್ನುವುದೆಲ್ಲ ಜೀರುಂಡೆಯೇ. ಮಲೆನಾಡಿನಲ್ಲಿ ಹಗಲು ಹೊತ್ತು ಮರದ ಮೇಲೆ ಕೂತು ಕಿವಿ ಗಡಚಿಕ್ಕುವ ಹಾಗೆ ಕಿರುಚುವುದು ಬೇರೆ ಹುಳ, ಅದು ಸಿಕಾಡ. ನಾನು ಹೇಳುತ್ತಿರುವುದು ಮಿಡತೆಯ ನೆಂಟ, ಉದ್ದ ಮೀಸೆಯದು, ಇಂಗ್ಲಿಷಿನವರು ಕ್ರಿಕೆಟ್ ಎಂದು ಕರೆಯುವ ಹುಳ. ಇಂಟರ್ನೆಟ್ಟಿನಲ್ಲಿ ಹುಡುಕಲು ಹೋದರೆ ಸ್ಕೋರ್ ಬರುತ್ತದೆ, ಹುಷಾರು.

ಈ ಹುಳದ ಸುತ್ತ ಮೂರು ವಿದ್ಯೆಗಳು ಬಂದು ಸೇರುತ್ತವೆ. ಹೆಸರು ಕೇಳಿದರೇ ತಲೆನೋವು ಬರುವಂಥವು: ಎಂಬಾಡೀಡ್ ಕಾಗ್ನಿಷನ್, ಕಾಂಪ್ಲೆಕ್ಸ್ ನೆಟ್‌ವರ್ಕ್ಸ್, ಎವಲ್ಯೂಷನರಿ ಕಂಪ್ಯುಟೇಷನ್. ಸುಮ್ನೆ ಹೀಗೆ ಅಂದುಕೊಳ್ಳಿ. ಮೊದಲನೆಯದು, ಬುದ್ಧಿಯ ಒಂದು ಪಾಲು ಮೈಯಲ್ಲೇ ಇದೆ ಎನ್ನುತ್ತದೆ. ಎರಡನೆಯದು, ಯಾರಿಗೆ ಯಾರ ನಂಟು ಎಂಬುದರಲ್ಲಿದೆ ಎನ್ನುತ್ತದೆ. ಮೂರನೆಯದು, ತಲೆಮಾರುಗಳ ಜರಡಿಯಲ್ಲಿದೆ ಎನ್ನುತ್ತದೆ. ಮೂರೂ ಸೇರಿ ಹೇಳುವುದು ಒಂದೇ, ಬುದ್ಧಿಯನ್ನು ತಲೆಬುರುಡೆಯ ಒಳಗೆ ಮಾತ್ರ ಹುಡುಕಬೇಡಿ ಅಂತ.

ಮೊದಲು ಮೈ. ಜೀರುಂಡೆಯ ಕಿವಿ ತಲೆಯಲ್ಲಿಲ್ಲ. ಮುಂಗಾಲುಗಳ ಮಂಡಿಯ ಕೆಳಗಿದೆ, ಆ ಕಾಲಿಗೊಂದು ಈ ಕಾಲಿಗೊಂದು. ಎರಡರ ನಡುವೆ ಒಂದೆರಡು ಸೆಂಟಿಮೀಟರ್ ಅಷ್ಟೇ. ಪ್ರಯೋಗಶಾಲೆಗಳಲ್ಲಿ ಹೆಚ್ಚು ಸಾಕುವ ಜಾತಿಯ ಗಂಡು ರೆಕ್ಕೆಗೆ ರೆಕ್ಕೆ ಉಜ್ಜಿದಾಗ ಹೊರಡುವ ದನಿ ಸೆಕೆಂಡಿಗೆ ಸುಮಾರು 4,800 ಸಲ ಕಂಪಿಸುತ್ತದೆ. ಆ ದನಿಯ ಒಂದು ಅಲೆ 7 ಸೆಂಟಿಮೀಟರ್ ಉದ್ದ. ಅಂದರೆ ಅಲೆಯ ಮುಂದೆ ಹುಳವೇ ಚಿಕ್ಕದು. ಹೊಳೆಯಲ್ಲಿ ನೆಟ್ಟ ಕಡ್ಡಿಯನ್ನು ನೀರು ಬಳಸಿಕೊಂಡು ಹೋಗುವಂತೆ ಸದ್ದು ಅದರ ಮೈ ಬಳಸಿಕೊಂಡು ಹೋಗಿಬಿಡುತ್ತದೆ. ಎರಡೂ ಕಿವಿಗೆ ಒಂದೇ ಜೋರು ಕೇಳಿಸುತ್ತದೆ. ಹೋಗಲಿ, ಯಾವ ಕಿವಿಗೆ ಮೊದಲು ತಲುಪಿತು ಎಂದು ನೋಡೋಣವೆಂದರೆ, ಒಂದು ಸೆಕೆಂಡನ್ನು ಲಕ್ಷ ಚೂರು ಮಾಡಿದರೆ ಅದರಲ್ಲಿ ಮೂರು ಚೂರಿನಷ್ಟು ವ್ಯತ್ಯಾಸ. ಅದನ್ನು ನೇರವಾಗಿ ಅಳೆಯುವುದು ಆ ನುಚ್ಚಿನಷ್ಟು ಮಿದುಳಿಗೆ ಆಗುವ ಮಾತಲ್ಲ.

ಅಳೆಯುವುದೂ ಇಲ್ಲ. ಎರಡೂ ಕಿವಿಗಳ ನಡುವೆ, ಮೈಯೊಳಗೆ, ಗಾಳಿ ತುಂಬಿದ ಕೊಳವೆ ಇದೆ. ಹಾಗಾಗಿ ಒಂದೊಂದು ಕಿವಿಯ ತಮಟೆಗೂ ಸದ್ದು ಎರಡು ಕಡೆಯಿಂದ ಬಡಿಯುತ್ತದೆ, ಹೊರಗಿನಿಂದ ನೇರವಾಗಿ ಮತ್ತು ಕೊಳವೆಯ ಒಳಗಿಂದ ಸುತ್ತಿ ಬಂದು. ಎರಡು ಅಲೆಗಳು ಒಂದು ಕಡೆ ಒಂದಕ್ಕೊಂದು ಒತ್ತಾಸೆ ಕೊಡುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಹೊಡೆದುಹಾಕುತ್ತವೆ. ಗಂಡು ಇರುವ ಕಡೆಯ ಕಿವಿ ಜೋರಾಗಿ ನಡುಗುತ್ತದೆ, ಆ ಕಡೆಯದು ಮೆಲ್ಲಗೆ. ಲೆಕ್ಕ ಮುಗಿಯಿತು. ಲೆಕ್ಕ ಮಾಡಿದ್ದು ಕೊಳವೆ. ಅದಕ್ಕಿಂತ ಚೆಂದದ ಸಂಗತಿ ಇನ್ನೊಂದಿದೆ. ಕೊಳವೆಯ ಅಳತೆ ಆ ಜಾತಿಯ ಹಾಡಿನ ಶ್ರುತಿಗೇ ಹೊಂದಿಕೊಂಡಿದೆ. ಬೇರೆ ಶ್ರುತಿಯ ಸದ್ದು ಬಂದರೆ ಈ ಉಪಾಯ ಸರಿಯಾಗಿ ನಡೆಯುವುದಿಲ್ಲ, ದಿಕ್ಕು ಮಸುಕಾಗುತ್ತದೆ. ಬೇಡದ ಸದ್ದನ್ನು ಸೋಸುವ ಕೆಲಸದಲ್ಲಿ ಒಂದು ಪಾಲು ಮಿದುಳಿಗೆ ಸುದ್ದಿ ತಲುಪುವ ಮೊದಲೇ ಮುಗಿದಿರುತ್ತದೆ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬಾರ್ಬರಾ ವೆಬ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಇದನ್ನೇ ಒಂದು ರೋಬೋಟಿನಲ್ಲಿ ಮಾಡಿ ನೋಡಿದರು. ಚಕ್ರದ ಮೇಲೆ ಓಡಾಡುವ ಚಿಕ್ಕ ಯಂತ್ರ, ಅದಕ್ಕೆ ಎರಡು ಮೈಕ್ ಕಿವಿ, ಕೊಳವೆಯ ಕೆಲಸ ಮಾಡುವ ಒಂದು ಸರ್ಕ್ಯೂಟ್. ಒಳಗಿದ್ದ ನಿಯಮ ಒಂದೇ ಸಾಲಿನದು. ಯಾವ ಕಡೆಯ ನರಕೋಶ ಮೊದಲು ಮಿಡಿಯುತ್ತದೋ ಆ ಕಡೆ ತಿರುಗು. ಜೋರು ಕೇಳಿದ ಕಡೆಯದೇ ಮೊದಲು ಮಿಡಿಯುತ್ತದೆ. ಇದು ಗಂಡಿನ ಹಾಡೇ, ನನ್ನ ಜಾತಿಯದೇ ಎಂದು ಗುರುತಿಸುವ ಭಾಗವೇ ಅದರಲ್ಲಿ ಇರಲಿಲ್ಲ. ಆದರೂ ರೋಬೋಟ್ ಸರಿಯಾದ ಲಯದ ಹಾಡಿಗೆ ಮಾತ್ರ ಓಡಿತು. ಯಾಕೆಂದರೆ ನರಕೋಶ ಒಮ್ಮೆ ಮಿಡಿದ ಮೇಲೆ ಮತ್ತೆ ಸಜ್ಜಾಗಲು ನಡುವೆ ಒಂದು ಬಿಡುವು ಬೇಕು. ಹಾಡು ತೀರಾ ಅವಸರದ್ದಾದರೆ ಬಿಡುವೇ ಸಿಗುವುದಿಲ್ಲ. ತೀರಾ ನಿಧಾನವಾದರೆ ತಿರುಗು ಎಂಬ ಸೂಚನೆ ಸಾಕಷ್ಟು ಸಲ ಬರುವುದಿಲ್ಲ. ಎರಡು ಸ್ಪೀಕರ್ ಇಟ್ಟು ಎರಡರಲ್ಲೂ ಒಂದೇ ಹಾಡು ಹಾಕಿದರೆ ರೋಬೋಟ್ ನಡುವೆ ಪೆದ್ದುಪೆದ್ದಾಗಿ ನಿಲ್ಲಲಿಲ್ಲ, ಯಾವುದಾದರೂ ಒಂದರ ಕಡೆ ಹೋಯಿತು. ನೋಡುವವರಿಗೆ ಅದು ವರನನ್ನು ಆರಿಸಿದ ಹಾಗೆ. ಆರಿಸು ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ಈ ಮೈಬುದ್ಧಿಯ ಪಂಥದವರು ಕೆಲವೊಮ್ಮೆ ಹುರುಪಿನಲ್ಲಿ ಮಿದುಳೇ ಬೇಡ ಅನ್ನುವವರೆಗೂ ಹೋಗಿಬಿಡುತ್ತಾರೆ. ಅದು ಅತಿಯಾಯಿತು. 2015ರಲ್ಲಿ ಕೇಂಬ್ರಿಡ್ಜಿನ ಬರ್ತೋಲ್ಡ್ ಹೆಡ್ವಿಗ್ ತಂಡ ನಿಜವಾದ ಜೀರುಂಡೆಯ ಮಿದುಳಿನಲ್ಲಿ ಹಾಡಿನ ಲಯ ಗುರುತಿಸುವ ಪುಟ್ಟ ಜಾಲವೊಂದನ್ನು ತೋರಿಸಿತು. ಅಂದರೆ ಗುರುತಿಸುವ ಭಾಗ ಇದೆ. ಆದರೆ ಅದರಲ್ಲಿರುವುದು ಐದೇ ನರಕೋಶ! ಒಂದು ದನಿಯನ್ನು ಒಂಚೂರು ತಡೆದು ಹಿಡಿದು, ಮುಂದಿನ ದನಿಯ ಜೊತೆ ತಾಳೆ ನೋಡುತ್ತದೆ, ಅಷ್ಟೇ. ವೆಬ್ ಊಹೆ ಅರ್ಧ ತಪ್ಪಾಯಿತು. ಆದರೆ ಮೈ ಮೊದಲೇ ಇಷ್ಟೆಲ್ಲ ಸೋಸಿ ಕೊಡುವುದರಿಂದಲೇ ಐದರಲ್ಲಿ ಕೆಲಸ ಸಾಗುತ್ತದೆ ಎಂಬುದು ನನ್ನ ಲೆಕ್ಕ.

ಮೈ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಒಂದು ಅತಿರೇಕದ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಹರಿಯುವ ನೀರಿಗೆ ಒಂದು ಕಂಬ ಅಡ್ಡ ಇಟ್ಟು ಅದರ ಹಿಂದೆ ಏಳುವ ಸುಳಿಗಳಲ್ಲಿ ಟ್ರೌಟ್ ಮೀನನ್ನು ಬಿಟ್ಟರು. ಮೀನು ಬಾಲ ಆಡಿಸುತ್ತಾ ಪ್ರವಾಹದ ಎದುರಿಗೆ ಸಾಗಿತು. ವಿಶೇಷವೇನೆಂದರೆ ಆ ಮೀನು ಸತ್ತಿತ್ತು. ಮೈಯ ಬಾಗು ಬಳುಕು ಸುಳಿಯ ಲಯಕ್ಕೆ ಕೂಡಿಕೊಂಡು ಈಜಿಬಿಟ್ಟಿತು. ಬದುಕಿರುವ ಮೀನಿನ ಮಿದುಳು ಮಾಡಬೇಕಾದದ್ದು ಎಷ್ಟು ಕಡಿಮೆ ಅಂತ ಯೋಚಿಸಿ.

ಈಗ ನಂಟಿನ ಕತೆ. ಇದೂ ಜೀರುಂಡೆಯಿಂದಲೇ ಶುರು. 1990ರ ದಶಕದ ನಡುವೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಂಕನ್ ವಾಟ್ಸ್ ಎಂಬ ಆಸ್ಟ್ರೇಲಿಯಾದ ವಿದ್ಯಾರ್ಥಿ ಗಣಿತಜ್ಞ ಸ್ಟೀವನ್ ಸ್ಟ್ರೋಗಾಟ್ಸ್ ಬಳಿ ಪಿಎಚ್‌ಡಿ ಮಾಡುತ್ತಿದ್ದ. ವಿಷಯ, ಜೀರುಂಡೆಗಳು ಎಲ್ಲ ಒಟ್ಟಿಗೆ ತಾಳ ಹಿಡಿದು ಕೂಗುವುದು ಹೇಗೆ. ಆರಿಸಿಕೊಂಡದ್ದು ಸ್ನೋಯಿ ಟ್ರೀ ಕ್ರಿಕೆಟ್ ಎಂಬ ಮರದ ಜೀರುಂಡೆ. ಈ ಹುಳದ ತಾಳ ಎಷ್ಟು ಕರಾರುವಾಕ್ಕು ಎಂದರೆ ಅದರಿಂದ ಚಳಿ ಅಳೆಯಬಹುದು. 8 ಸೆಕೆಂಡಿನಲ್ಲಿ ಎಷ್ಟು ಸಲ ಕೂಗಿತು ಎಣಿಸಿ 5 ಸೇರಿಸಿದರೆ ಹತ್ತಿರ ಹತ್ತಿರ ಸೆಲ್ಸಿಯಸ್ ಲೆಕ್ಕದ ಉಷ್ಣಾಂಶ. ಇದರ ಮೂಲ ಸೂತ್ರವನ್ನು ಡಾಲ್ಬೇರ್ ಎಂಬವರು 1897ರಲ್ಲೇ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಬರೆದಿದ್ದರು. ನಮ್ಮ ಬಚ್ಚಲಿನ ಜೀರುಂಡೆಗೆ ಇದು ಹೊಂದುವುದಿಲ್ಲ, ಪ್ರಯತ್ನಿಸಬೇಡಿ.

ವಾಟ್ಸ್‌ಗೆ ಕಾಡಿದ ಪ್ರಶ್ನೆ ಸರಳ. ತೋಟದಲ್ಲಿ ನೂರಾರು ಹುಳ. ಒಂದೊಂದೂ ಯಾರ ಕೂಗಿಗೆ ಕಿವಿ ಕೊಡುತ್ತಿದೆ? ಪಕ್ಕದವರಿಗೆ ಮಾತ್ರವೇ, ಎಲ್ಲರಿಗೂವೇ, ಅಥವಾ ಪಕ್ಕದವರ ಜೊತೆ ದೂರದ ಒಬ್ಬಿಬ್ಬರಿಗೂ? ಅದೇ ದಿನಗಳಲ್ಲಿ ಊರಿಂದ ಫೋನ್ ಮಾಡಿದ್ದ ಅವನ ಅಪ್ಪ, ಅಮೆರಿಕದ ಅಧ್ಯಕ್ಷರಿಗೂ ನಮಗೂ ನಡುವೆ ಆರೇ ಕೈಕುಲುಕಿನ ದೂರವಂತೆ, ಕೇಳಿದ್ದೀಯಾ ಎಂದರಂತೆ. ಎರಡೂ ಒಂದೇ ಪ್ರಶ್ನೆ ಎಂದು ಮಗನಿಗೆ ಹೊಳೆಯಿತು.

ವಾಟ್ಸ್ ಮತ್ತು ಸ್ಟ್ರೋಗಾಟ್ಸ್ ಸೇರಿ ಮಾಡಿದ ಲೆಕ್ಕವನ್ನು ನಮ್ಮ ಕಡೆಯ ಒಂದು ಊರಿನ ಹಾಗೆ ಕಟ್ಟಿ ನೋಡೋಣ. ಒಂದು ದೊಡ್ಡ ಕೆರೆ. ಅದರ ಸುತ್ತ ದಡದಲ್ಲಿ 1,000 ಮನೆ. ಒಂದೊಂದು ಮನೆಗೂ ಎಡಕ್ಕೆ ಐದು, ಬಲಕ್ಕೆ ಐದು ಮನೆಯವರ ಒಡನಾಟ. ಸುದ್ದಿ ಬಾಯಿಂದ ಬಾಯಿಗೇ ಹೋಗಬೇಕು. ಆಚೆ ದಡದ ಎದುರು ಮನೆಗೆ ಮುಟ್ಟಲು 100 ಬಾಯಿ ದಾಟಬೇಕು. ಊರಿನ ಯಾವ ಇಬ್ಬರನ್ನು ಹಿಡಿದರೂ ಸರಾಸರಿ ಸುಮಾರು 50. ಈಗ ಊರಿನ ನೂರು ಒಡನಾಟಗಳಲ್ಲಿ ಒಂದನ್ನು ಮಾತ್ರ ಬಿಡಿಸಿ, ಎಲ್ಲೋ ದೂರದ ಒಂದು ಮನೆಗೆ ಕಟ್ಟಿ. ಆಚೆ ದಡಕ್ಕೆ ಹೆಣ್ಣು ಕೊಟ್ಟರು ಅಂದುಕೊಳ್ಳಿ. ನೂರರಲ್ಲಿ ತೊಂಬತ್ತೊಂಬತ್ತು ನಂಟು ಹಾಗೇ ಇವೆ. ನಮ್ಮ ಕೇರಿಯವರೆಲ್ಲ ನಮ್ಮವರೇ ಅನ್ನುವ ಭಾವನೆಗೂ ಧಕ್ಕೆ ಇಲ್ಲ. ಆದರೆ ಸರಾಸರಿ ದೂರ 50ರಿಂದ ಹತ್ತರ ಆಸುಪಾಸಿಗೆ ಕುಸಿಯುತ್ತದೆ. ಹಾಗೆ ಮದುವೆಯಾಗಿ ಹೋದ ಸೋದರತ್ತೆ ತನಗೆ ಮಾತ್ರ ದಾರಿ ಮಾಡಿಕೊಳ್ಳಲಿಲ್ಲ ನೋಡಿ. ಅವಳ ತವರಿನ ಸುತ್ತಲಿನವರಿಗೂ, ಗಂಡನ ಮನೆಯ ಸುತ್ತಲಿನವರಿಗೂ ಅಡ್ಡದಾರಿ ತೆರೆದಳು.

ಈ ಬರಹ 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಇಂಥ ಜಾಲಗಳಿಗೆ ಸ್ಮಾಲ್ ವರ್ಲ್ಡ್, ಅಂದರೆ ಪುಟ್ಟ ಪ್ರಪಂಚ ಎಂಬ ಹೆಸರು ನಿಂತಿತು. ಬರೀ ಕಾಗದದ ಲೆಕ್ಕ ಅಲ್ಲ ಎಂದು ತೋರಿಸಲು ಅವರು ಮೂರು ನಿಜವಾದ ಜಾಲಗಳನ್ನು ತೆಗೆದುಕೊಂಡರು. ಒಂದೇ ಸಿನಿಮಾದಲ್ಲಿ ಕಾಣಿಸಿಕೊಂಡ ನಟರು, 2,25,226 ಜನ. ಯಾವ ಇಬ್ಬರ ನಡುವೆಯೂ ಸರಾಸರಿ 3.65 ಹೆಜ್ಜೆ. ಅಮೆರಿಕದ ಪಶ್ಚಿಮ ಭಾಗದ ವಿದ್ಯುತ್ ಜಾಲ. ಮೂರನೆಯದು ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಹುಳುವಿನ 282 ನರಕೋಶಗಳ ಜಾಲ. ಅಲ್ಲಿ ಸರಾಸರಿ 2.65 ಹೆಜ್ಜೆ. ಸಿನಿಮಾ, ಕರೆಂಟು, ನರ, ಮೂರಕ್ಕೂ ಒಂದೇ ಹೆಣಿಗೆ.

ಮುಂದಿನ ವರ್ಷ, 1999ರಲ್ಲಿ, ಬರಾಬಾಸಿ ಮತ್ತು ಆಲ್ಬರ್ಟ್ ಎಂಬ ವಿಜ್ಞಾನಿಗಳು ಇನ್ನೊಂದು ಮಾತು ಹೇಳಿದರು. ಅನೇಕ ಜಾಲಗಳಲ್ಲಿ ಕೆಲವೇ ಕೆಲವರಿಗೆ ಲೆಕ್ಕವಿಲ್ಲದಷ್ಟು ನಂಟು, ಉಳಿದವರಿಗೆಲ್ಲ ಒಂದೆರಡು. ಇದ್ದವರಿಗೇ ಮತ್ತೆ ಬಂದು ಸೇರುತ್ತದೆ. ಸ್ವಲ್ಪ ಕಾಲ ಎಲ್ಲೆಲ್ಲೂ ಈ ಸೂತ್ರವೇ ಕಾಣತೊಡಗಿತು. 2019ರಲ್ಲಿ ಬ್ರಾಯ್ಡೊ ಮತ್ತು ಕ್ಲಾಸೆಟ್ ಎಂಬವರು ಹತ್ತಿರ ಹತ್ತಿರ ಸಾವಿರ ಜಾಲಗಳನ್ನು ಪರೀಕ್ಷೆಗೆ ಒಡ್ಡಿದಾಗ, ಸೂತ್ರಕ್ಕೆ ಬಿಗಿಯಾಗಿ ಹೊಂದಿದ್ದು ನೂರಕ್ಕೆ ನಾಲ್ಕು. ವಿಜ್ಞಾನದಲ್ಲೂ ಫ್ಯಾಷನ್ ಇರುತ್ತದೆ ಅಲ್ವಾ.

ಇನ್ನು ಮೂರನೆಯದು, ಜರಡಿ. ಇದಕ್ಕೆ ಹವಾಯಿ ದ್ವೀಪಗಳಿಗೆ ಹೋಗಬೇಕು. ಅಲ್ಲಿನ ಕವಾಯಿ ದ್ವೀಪದಲ್ಲಿ ಜೀರುಂಡೆಯ ಹಾಡು ಕೇಳಿಕೊಂಡು ಹೆಣ್ಣು ಮಾತ್ರ ಬರುವುದಿಲ್ಲ, ಒಂದು ನೊಣವೂ ಬರುತ್ತದೆ. ಗಂಡಿನ ಮೈಮೇಲೆ ಮರಿ ಬಿಡುತ್ತದೆ. ಮರಿಗಳು ಒಳಹೊಕ್ಕು ಅದನ್ನು ಒಳಗಿಂದಲೇ ತಿಂದು ಹಾಕುತ್ತವೆ. ಜೋರಾಗಿ ಹಾಡಿದಷ್ಟೂ ಸಾವು ಹತ್ತಿರ. ಮಾರ್ಲೀನ್ ಝುಕ್ ಎಂಬ ಜೀವಿವಿಜ್ಞಾನಿ ವರ್ಷಾನುಗಟ್ಟಲೆ ಅಲ್ಲಿಗೆ ಹೋಗುತ್ತಿದ್ದರು. ವರ್ಷದಿಂದ ವರ್ಷಕ್ಕೆ ಸದ್ದು ಕಡಿಮೆಯಾಗಿ, ಒಂದು ಸಲ ದ್ವೀಪ ಮೌನ. ಜೀರುಂಡೆ ನಿರ್ನಾಮವಾಯಿತೆಂದೇ ಅಂದುಕೊಂಡರು. ಟಾರ್ಚ್ ಹಾಕಿ ನೋಡಿದರೆ ನೆಲದ ತುಂಬ ಜೀರುಂಡೆ! ಗಂಡುಗಳ ರೆಕ್ಕೆಯ ಮೇಲೆ ಸದ್ದು ಮಾಡುವ ಗರಗಸದಂಥ ಭಾಗವೇ ಅಳಿಸಿಹೋಗಿತ್ತು. 20 ತಲೆಮಾರಿನ ಒಳಗೆ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಗಂಡುಗಳು ಮೂಕವಾಗಿದ್ದವು. ಯಾವ ಜೀರುಂಡೆಯೂ ಸಭೆ ಸೇರಿ ಇದನ್ನು ತೀರ್ಮಾನಿಸಲಿಲ್ಲ. ಹುಟ್ಟುವಾಗಲೇ ರೆಕ್ಕೆ ಕೆಟ್ಟಿದ್ದವು ಉಳಿದವು, ಅಷ್ಟೇ.

ಈ ಜರಡಿಯನ್ನು ಇಂಜಿನಿಯರಿಂಗಿಗೆ ತಂದರೆ ಹೇಗೆ? 1964ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಗೊ ರೆಕೆನ್‌ಬರ್ಗ್ ಮತ್ತು ಅವನ ಗೆಳೆಯರು ಅದನ್ನು ಮಾಡಿದರು. ಆರು ಪಟ್ಟಿಗಳನ್ನು ಐದು ಕೀಲುಗಳಿಂದ ಜೋಡಿಸಿ ಗಾಳಿ ಸುರಂಗದಲ್ಲಿ ನಿಲ್ಲಿಸಿದರು. ಒಂದೊಂದು ಕೀಲನ್ನೂ 51 ಕೋನಗಳಲ್ಲಿ ತಿರುಗಿಸಿ ನಿಲ್ಲಿಸಬಹುದು. ಗಾಳಿಗೆ ಅತಿ ಕಡಿಮೆ ಅಡ್ಡಿಯಾಗುವ ಆಕಾರ ಹುಡುಕಬೇಕು. ಒಟ್ಟು ಸಾಧ್ಯತೆ 34 ಕೋಟಿ 50 ಲಕ್ಷಕ್ಕೂ ಮೇಲೆ. ಒಂದೊಂದಕ್ಕೆ ಒಂದು ನಿಮಿಷ ಹಿಡಿದರೂ 650 ವರ್ಷ ದಾಟುತ್ತದೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಶುರು ಮಾಡಿದ್ದರೆ ನಮ್ಮ ಕಾಲಕ್ಕೆ ಮುಗಿಯುತ್ತಿತ್ತು.

ಅವರು ಮಾಡಿದ್ದು ಹೀಗೆ. ಅಂಕುಡೊಂಕಾದ ಒಂದು ಆಕಾರದಿಂದ ಹೊರಟರು. ಮೊಳೆ ಹೊಡೆದ ಹಲಗೆಯ ಮೇಲಿಂದ ಗುಂಡು ಬಿಟ್ಟು, ಅದು ಬಿದ್ದ ಗುಣಿಗೆ ತಕ್ಕಂತೆ ಕೀಲುಗಳನ್ನು ಕೊಂಚ ತಿರುಗಿಸಿದರು. ಗಾಳಿಯ ಅಡ್ಡಿ ಅಳೆದರು. ಕಡಿಮೆಯಾಯಿತೋ, ಹೊಸ ಆಕಾರವೇ ಇರಲಿ. ಜಾಸ್ತಿಯಾಯಿತೋ, ಹಳೆಯದಕ್ಕೆ ವಾಪಸ್. ಮತ್ತೆ ಗುಂಡು. ಕೆಲವು ನೂರು ಸಲ ಹೀಗೆ ಮಾಡುವಷ್ಟರಲ್ಲಿ ಪಟ್ಟಿ ಹೆಚ್ಚುಕಡಿಮೆ ಚಪ್ಪಟೆಯಾಗಿ ಗಾಳಿ ಹೋಗುವ ದಿಕ್ಕಿಗೇ ನೇರವಾಗಿ ನಿಂತಿತು. ಚಪ್ಪಟೆ ಪಟ್ಟಿಯೇ ಉತ್ತರ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ ಅನ್ನಬಹುದು. ಗೊತ್ತಿದ್ದದ್ದಕ್ಕೇ ಅದನ್ನು ಆರಿಸಿಕೊಂಡರು. ಉತ್ತರ ಗೊತ್ತಿರುವ ಲೆಕ್ಕದಲ್ಲಿ ದಾರಿ ಸರಿಯಿದೆಯೇ ಎಂದು ನೋಡಿಕೊಂಡರೆ ತಾನೇ ಗೊತ್ತಿಲ್ಲದ ಲೆಕ್ಕಕ್ಕೆ ಕೈ ಹಾಕಬಹುದು?

ಮುಂದೆ ಅಮೆರಿಕದ ಜಾನ್ ಹಾಲೆಂಡ್ ಒಂದು ಪರಿಹಾರದ ಬದಲು ಪರಿಹಾರಗಳ ಗುಂಪನ್ನೇ ಸಾಕಿ, ಒಳ್ಳೆಯವನ್ನು ಜೋಡಿ ಮಾಡಿ, ಅವುಗಳ ಗುಣ ಬೆರೆಸುವ ದಾರಿ ಹಾಕಿಕೊಟ್ಟರು. ಅದೇ ಜೆನೆಟಿಕ್ ಆಲ್ಗರಿದಮ್. ನಮ್ಮ ದೇಶದ ಕೊಡುಗೆಯೂ ಇಲ್ಲಿ ದೊಡ್ಡದು. ಕಾನ್ಪುರದ ಐಐಟಿಯಲ್ಲಿದ್ದಾಗ ಕಲ್ಯಾಣ್‌ಮೊಯ್ ದೇಬ್ ಮತ್ತು ಅವರ ವಿದ್ಯಾರ್ಥಿಗಳು 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ-2 ಎಂಬ ವಿಧಾನ ಇವತ್ತಿಗೂ ಈ ಕ್ಷೇತ್ರದ ದಿನಬಳಕೆಯ ಸಾಮಾನು. ಗಾಡಿ ಅಗ್ಗವೂ ಇರಬೇಕು, ಮೈಲೇಜೂ ಕೊಡಬೇಕು, ಗಟ್ಟಿಯೂ ಇರಬೇಕು ಎಂದಾಗ ಒಂದೇ ಉತ್ತರ ಇರುವುದಿಲ್ಲವಲ್ಲ. ಅಂಥ ಕಡೆ ಒಂದನ್ನು ಬಿಟ್ಟುಕೊಟ್ಟರೆ ಇನ್ನೊಂದರಲ್ಲಿ ಎಷ್ಟು ಗಿಟ್ಟುತ್ತದೆ ಎಂಬ ಇಡೀ ಪಟ್ಟಿಯನ್ನು ಅದು ಮುಂದಿಡುತ್ತದೆ.

ಜರಡಿಗೆ ಒಂದು ಚಾಳಿ ಇದೆ. ನೀವು ಕೇಳಿದ್ದನ್ನು ಕೊಡುತ್ತದೆ, ಮನಸ್ಸಿನಲ್ಲಿ ಇದ್ದದ್ದನ್ನಲ್ಲ. 1994ರಲ್ಲಿ ಕಾರ್ಲ್ ಸಿಮ್ಸ್ ಕಂಪ್ಯೂಟರಿನೊಳಗೆ ಇಟ್ಟಿಗೆಯಂಥ ತುಂಡುಗಳ ಪ್ರಾಣಿಗಳನ್ನು ಬೆಳೆಸಿದರು. ಮೈಯನ್ನೂ ನರವನ್ನೂ ಒಟ್ಟಿಗೇ ಜರಡಿ ಹಿಡಿದರು. ಈಜುವವು, ತೆವಳುವವು, ಕುಪ್ಪಳಿಸುವವು ಹುಟ್ಟಿದವು. ವೇಗವಾಗಿ ಸಾಗಿದವಕ್ಕೆ ಬಹುಮಾನ ಎಂದಾಗ ಕೆಲವು ನಡೆಯಲು ಕಲಿಯಲೇ ಇಲ್ಲ. ತೆಂಗಿನ ಮರದಂತೆ ಎತ್ತರ ಬೆಳೆದು ದಬಕ್ಕನೆ ಬಿದ್ದವು. ಬೀಳುವಾಗ ವೇಗ ಇರುತ್ತದಲ್ಲ!

ಆದರೆ ನನಗೆ ಈ ಇಡೀ ಕ್ಷೇತ್ರದಲ್ಲಿ ಮರೆಯಲಾಗದ ಕತೆ 1996ರ ಏಡ್ರಿಯನ್ ಥಾಂಪ್ಸನ್ ಅವರ ಚಿಪ್. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು. ಬೇಕಾದ ಹಾಗೆ ತಂತಿ ಬದಲಾಯಿಸಿಕೊಳ್ಳಬಹುದಾದ ಎಫ್‌ಪಿಜಿಎ ಎಂಬ ಚಿಪ್ಪಿನ ಒಂದು ಮೂಲೆಯಲ್ಲಿ 100 ಕೋಶಗಳನ್ನು ಬಿಟ್ಟುಕೊಟ್ಟರು. ಕೆಲಸ, ಎರಡು ದನಿಗಳನ್ನು ಬೇರೆ ಬೇರೆ ಗುರುತಿಸುವುದು. ಸೆಕೆಂಡಿಗೆ 1,000 ಕಂಪನದ್ದೊಂದು, 10,000 ಕಂಪನದ್ದೊಂದು. ಇದೂ ಜೀರುಂಡೆಯ ಕೆಲಸವೇ ನೋಡಿ. ಕಾಲ ಅಳೆಯಲು ಗಡಿಯಾರದ ಮಿಡಿತವನ್ನೇ ಕೊಡಲಿಲ್ಲ. ತಲೆಮಾರಿಗೆ 50 ಸರ್ಕ್ಯೂಟ್. ಎಲ್ಲವನ್ನೂ ನಿಜವಾದ ಚಿಪ್ಪಿನ ಮೇಲೇ ಓಡಿಸಿ, ಚೆನ್ನಾಗಿ ಮಾಡಿದವನ್ನು ಬೆರೆಸಿದರು. ಕೆಲವು ಸಾವಿರ ತಲೆಮಾರು ಕಳೆದ ಮೇಲೆ ಚಿಪ್ ಎರಡು ದನಿಗಳನ್ನು ಅಚ್ಚುಕಟ್ಟಾಗಿ ಬೇರ್ಪಡಿಸಿತು.

ಹೇಗೆ ಮಾಡುತ್ತಿದೆ ಎಂದು ಬಿಚ್ಚಿ ನೋಡಿದಾಗ ತಲೆ ತಿರುಗುವ ಸಂಗತಿ ಕಂಡಿತು. ಕೆಲವು ಕೋಶಗಳಿಗೆ ಔಟ್‌ಪುಟ್ಟಿಗೆ ಹೋಗುವ ತಂತಿಯ ದಾರಿಯೇ ಇರಲಿಲ್ಲ. ನಕ್ಷೆಯ ಪ್ರಕಾರ ಅವು ಸೋಮಾರಿಗಳು. ಆದರೆ ಅವನ್ನು ಆಡದಂತೆ ಕಟ್ಟಿಹಾಕಿದರೆ ಇಡೀ ಸರ್ಕ್ಯೂಟ್ ತಡವರಿಸುತ್ತಿತ್ತು. ತಂತಿ ಬಿಟ್ಟು ಬೇರೆ ಯಾವುದೋ ದಾರಿಯಲ್ಲಿ, ಬಹುಶಃ ಪಕ್ಕಪಕ್ಕದ ವಿದ್ಯುತ್ಕಾಂತೀಯ ಸೆಳೆತದಲ್ಲೋ, ಕರೆಂಟಿನ ಏರಿಳಿತದಲ್ಲೋ ಅವು ಕೈಜೋಡಿಸಿದ್ದವು. ಅದೇ ನಕ್ಷೆಯನ್ನು ಅದೇ ಕಂಪನಿಯ ಬೇರೆ ಚಿಪ್ಪಿಗೆ ಹಾಕಿದರೆ ಕೆಲಸ ಕೆಡುತ್ತಿತ್ತು. ಬಿಸಿ ಜಾಸ್ತಿಯಾದರೂ ಕೆಡುತ್ತಿತ್ತು. ಇಂಜಿನಿಯರ್ ಯಾವುದನ್ನು ಕಂಟಕ ಎಂದು ದೂರ ಇಡುತ್ತಾನೋ, ಜರಡಿ ಅದನ್ನೇ ಸಾಮಾನಾಗಿ ಬಳಸಿಕೊಂಡಿತ್ತು. ಒಂದು ರೀತಿಯಲ್ಲಿ ಆ ಸರ್ಕ್ಯೂಟಿಗೆ ಮೈ ಬಂದಿತ್ತು. ಈ ಸಿಲಿಕಾನ್ ತುಂಡು ಅದರ ಮೈ, ಇನ್ನೊಬ್ಬರ ಮೈಗೆ ಅದು ಹೊಂದುವುದಿಲ್ಲ. ಅಜ್ಜಿಯ ಕೈ ಅಳತೆಯ ಸಾರು ನಮ್ಮ ಕೈಗೆ ಬರುವುದಿಲ್ಲವಲ್ಲ, ಹಾಗೆ.

ಅಂಥದ್ದನ್ನು ನಂಬಿ ಕೆಲಸಕ್ಕೆ ಹಚ್ಚಬಹುದೇ? ಕೆಲವು ಕಡೆ ಹೌದು. 2006ರ ಮಾರ್ಚ್ 22ರಂದು ನಾಸಾ ಹಾರಿಸಿದ ಎಸ್‌ಟಿ-5 ಎಂಬ ಮೂರು ಪುಟ್ಟ ಉಪಗ್ರಹಗಳಲ್ಲಿ ಹೀಗೆ ಜರಡಿ ಹಿಡಿದು ಪಡೆದ ಆಂಟೆನಾ ಇತ್ತು. ನೋಡಲು ಮಕ್ಕಳು ಕೈಗೆ ಸಿಕ್ಕ ಹಾಗೆ ಬಗ್ಗಿಸಿ ಬಿಸಾಕಿದ ಪೇಪರ್ ಕ್ಲಿಪ್ಪಿನಂತೆ. ಮನುಷ್ಯನ ಕೈಯಲ್ಲಿ ಅಂಥ ವಿನ್ಯಾಸ ಹೊರಡುವುದಿಲ್ಲ. ಹಾರಿಸುವ ಮೊದಲು, ತಯಾರಿಯ ನಡುವೆ ಉಪಗ್ರಹಗಳಿಗೆ ಗೊತ್ತುಮಾಡಿದ್ದ ಕಕ್ಷೆ ಬದಲಾದಾಗ ಹೊಸ ಕಕ್ಷೆಗೆ ತಕ್ಕ ಆಂಟೆನಾವನ್ನು ಮತ್ತೆ ಅದೇ ದಾರಿಯಲ್ಲಿ ಬೇಗನೆ ಬೆಳೆಸಿಕೊಂಡರು.

ಜರಡಿ ಮತ್ತು ಜಾಲ ಎರಡೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ 2013ರ ಒಂದು ಪ್ರಯೋಗ ಚೆನ್ನಾಗಿದೆ. ಜೆಫ್ ಕ್ಲೂನ್, ಜಾನ್-ಬ್ಯಾಪ್ಟಿಸ್ಟ್ ಮೂರೆ, ಹಾಡ್ ಲಿಪ್ಸನ್ ಕಂಪ್ಯೂಟರಿನಲ್ಲಿ ಪುಟ್ಟ ನರಜಾಲಗಳನ್ನು ಬೆಳೆಸಿದರು. ಎಂಟು ಚುಕ್ಕಿಗಳ ಒಂದು ಕಣ್ಣು. ಎಡಗಡೆ ನಾಲ್ಕರಲ್ಲಿ ಒಂದು ವಸ್ತು ಇದೆಯಾ, ಬಲಗಡೆ ನಾಲ್ಕರಲ್ಲಿ ಇದೆಯಾ ಎಂದು ಹೇಳಬೇಕು. ಬರೀ ಸರಿ ಉತ್ತರಕ್ಕೆ ಬಹುಮಾನ ಕೊಟ್ಟಾಗ ಜಾಲಗಳು ಹಳೇ ಅಟ್ಟದ ವೈರಿನಂತೆ ಸಿಕ್ಕುಸಿಕ್ಕು. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದರು, ಒಂದೊಂದು ತಂತಿಗೂ ಸ್ವಲ್ಪ ದಂಡ. ಆಗ ಜಾಲಗಳು ತಾವಾಗಿಯೇ ಎಡಕ್ಕೊಂದು ಬಲಕ್ಕೊಂದು ಕಂತೆಯಾಗಿ ಬೇರೆಯಾದವು. ಮಿದುಳಿನಲ್ಲೂ ಕೆಲಸಕ್ಕೊಂದು ಕಂತೆ ಯಾಕಿದೆ ಎಂಬುದಕ್ಕೆ ಇದೊಂದು ಸುಳಿವು. ನರಕ್ಕೂ ಅನ್ನ ಹಾಕಬೇಕು, ಉದ್ದ ನರ ದುಬಾರಿ.

ಕೊನೆಗೆ ನಮ್ಮ ಊರಿನ ಹುಳಕ್ಕೆ ಬರೋಣ. ಕರ್ನಾಟಕದ ಕುರುಚಲು ಬಯಲಿನಲ್ಲಿ ಈಕ್ಯಾಂಥಸ್ ಹೆನ್ರಿಯೈ ಎಂಬ ಮರದ ಜೀರುಂಡೆ ಇದೆ. ವಾಟ್ಸ್ ನೋಡಿದ ಜೀರುಂಡೆಯ ಸ್ವಂತ ಕುಲದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಜೊತೆಯವರು ಇದರ ಹಾಡನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಇದರ ಪಾಡು ಹಳೇ ರೇಡಿಯೋದಿಂದ ಬಿಚ್ಚಿದ ಸ್ಪೀಕರಿನ ಪಾಡು. ಬರೀ ಸ್ಪೀಕರ್ ಕೈಯಲ್ಲಿ ಹಿಡಿದರೆ ದನಿ ಕೀರಲು. ಮುಂದಿನಿಂದ ಹೊರಟ ಅಲೆಯೂ ಹಿಂದಿನಿಂದ ಹೊರಟ ಅಲೆಯೂ ಅಂಚಿನಲ್ಲಿ ಕೂಡಿ ಒಂದನ್ನೊಂದು ನುಂಗುತ್ತವೆ. ಅದಕ್ಕೇ ಅಲ್ವಾ ನಾವು ಅದನ್ನು ಮಡಕೆಯ ಬಾಯಿಗೋ ರಟ್ಟಿನ ಡಬ್ಬಕ್ಕೋ ಕೂರಿಸುತ್ತಿದ್ದದ್ದು? ಈ ಜೀರುಂಡೆಯ ರೆಕ್ಕೆ ತನ್ನ ದನಿಯ ಅಲೆಗಿಂತ ತುಂಬಾ ಚಿಕ್ಕದು. ಅದೂ ಡಬ್ಬ ಮಾಡಿಕೊಳ್ಳುತ್ತದೆ. ಎಲೆಯ ನಡುವೆ ಬಾಯಿಂದ ತೂತು ಕೊರೆದು, ತಲೆ ತೂರಿಸಿ, ರೆಕ್ಕೆ ಎತ್ತಿ ಎಲೆಯ ಸಮಕ್ಕೆ ನಿಲ್ಲಿಸಿ ಹಾಡುತ್ತದೆ. ಎಲೆ ಎರಡು ಅಲೆಗಳ ನಡುವೆ ಗೋಡೆಯಾಗುತ್ತದೆ. ದನಿ ಜೋರಾಗುತ್ತದೆ.

2017ರಲ್ಲಿ ಈ ತಂಡ ಎಲೆಗಳನ್ನು ಅಳತೆ ಮಾಡಿ ನೋಡಿತು. ಅತಿ ಜೋರು ದನಿ ಬರಬೇಕಾದರೆ ಎಲೆ ದೊಡ್ಡದಿರಬೇಕು, ತೂತು ನಡುವೆ ಇರಬೇಕು, ತೂತಿನ ಅಳತೆ ರೆಕ್ಕೆಯಷ್ಟೇ ಇರಬೇಕು. ಜೀರುಂಡೆ ಮೂರನ್ನೂ ಹಾಗೇ ಮಾಡುತ್ತದೆ. ಒಂದು ಎಲೆ ಕೊರೆದು, ಸರಿ ಬರಲಿಲ್ಲ ಎಂದು ಇನ್ನೊಂದು ಕೊರೆದು ಕಲಿಯುವ ಗೋಜಿಲ್ಲ. ಅಳತೆಗೋಲು ಅದರ ಮೈಯೇ. ಆ ಕಟ್ಟಳೆ ಬರೆದಿಟ್ಟದ್ದು ತಲೆಮಾರುಗಳ ಜರಡಿ. ದನಿ ದೂರ ಹೋದಷ್ಟೂ ಕೇಳುವ ಹೆಣ್ಣುಗಳು ಜಾಸ್ತಿ, ಅಂದರೆ ನಂಟಿನ ಜಾಲವೂ ಹಿಗ್ಗಿತು. 2020ರ ಇನ್ನೊಂದು ಅಧ್ಯಯನದಲ್ಲಿ ಮತ್ತೊಂದು ಗುಟ್ಟು ಬಯಲಾಯಿತು. ಎಲೆ ಕೊರೆಯುವವರು ಎಲ್ಲರೂ ಅಲ್ಲ. ಮೈ ಚಿಕ್ಕದಿದ್ದು ಮೆಲುದನಿ ಇರುವ ಗಂಡುಗಳೇ ಈ ಉಪಾಯಕ್ಕೆ ಹೆಚ್ಚು ಕೈ ಹಾಕುತ್ತವೆ. ಎಲೆಯ ಹಿಂದೆ ನಿಂತು ದೊಡ್ಡ ಗಂಡಿನ ದನಿ ತೆಗೆಯುತ್ತವೆ.

ಅವು ಹೆಚ್ಚಾಗಿ ಸಿಗುವುದು ಹಿಪ್ಟಿಸ್ ಎಂಬ ಕಳೆ ಗಿಡದ ಮೇಲೆ. ತುಳಸಿಯ ಕುಟುಂಬದ್ದು, ಕೈಯಲ್ಲಿ ಉಜ್ಜಿದರೆ ಘಾಟು ವಾಸನೆ, ಅಮೆರಿಕ ಖಂಡದ ಬಿಸಿ ನಾಡುಗಳಿಂದ ಬಂದು ಇಲ್ಲಿ ಹಬ್ಬಿಕೊಂಡದ್ದು. ಬೆಳಗ್ಗೆ ಆ ಕಡೆ ವಾಕಿಂಗ್ ಹೋದರೆ ಒಂದೊಂದು ಎಲೆಯ ನಟ್ಟನಡುವೆ ತೂತು ಕಾಣುತ್ತದೆ. ಹುಳ ತಿಂದಿರಬೇಕು ಅಂದುಕೊಂಡು ನಾವು ಮುಂದೆ ಹೋಗುತ್ತೇವೆ.